ಲೆನ್ ಬಾರ್ಲೋನ ಶನಿವಾರ

ಮೊದಲ ಸುತ್ತು ಅರ್ಧ ಮುಗಿಯುವಷ್ಟರಲ್ಲೇ ಲೆನ್ ಬಾರ್ಲೋಗೆ ಅನುಮಾನ ಶುರುವಾಯಿತು. ಎದುರಿಗಿದ್ದ ಹುಡುಗ ಹೊಡೆಯುತ್ತಲೇ ಇಲ್ಲ. ಗ್ಲೌಸುಗಳನ್ನು ಮುಖಕ್ಕೆ ಒತ್ತಿಕೊಂಡು ಹಗ್ಗದ ಗುಂಟ ಸರಿಯುತ್ತಾನೆ, ಹತ್ತಿರ ಹೋದರೆ ಅಪ್ಪಿಕೊಂಡುಬಿಡುತ್ತಾನೆ. ಬಿಟ್ಟ ಎರಡು ಏಟೂ ಲೆನ್‌ನ ಭುಜ ಸವರಿಕೊಂಡು ಹೋದವು.

ಹೆದರಿದ್ದಾನೆ ಪಾಪ, ಎಂದುಕೊಂಡ ಲೆನ್.

ಹೆದರಿದ ಹುಡುಗರನ್ನು ಅವನು ಕಂಡಿದ್ದು ಇವತ್ತು ನಿನ್ನೆಯಲ್ಲ. ಓಲ್ಡಮ್, ರಾಚ್‌ಡೇಲ್, ಬೋಲ್ಟನ್, ಯಾವ ಊರಿನಲ್ಲಿ ಹೊಸ ಬಾಕ್ಸರ್ ತಲೆಯೆತ್ತಿದರೂ ಅವನಿಗೆ ಗೆದ್ದು ಅಭ್ಯಾಸವಾಗಲು ಒಬ್ಬ ಬೇಕಲ್ಲ, ಆ ಒಬ್ಬ ಲೆನ್. ಹುಡುಗನ ಮಾವಂದಿರು, ಗೆಳೆಯರು, ಪಬ್ಬಿನವರೆಲ್ಲ ಟಿಕೆಟ್ ಕೊಂಡು ಬಂದು ಕಿರುಚುತ್ತಾರೆ. ಲೆನ್ ನಾಲ್ಕು ಸುತ್ತು ಅವನನ್ನು ಆಡಿಸಿ, ಅಂಕಗಳಲ್ಲಿ ಸೋತು, ಕೈಕುಲುಕಿ, ಚಿಪ್ಸ್ ಕಟ್ಟಿಸಿಕೊಂಡು ಮನೆಗೆ ಹೋಗುತ್ತಾನೆ. ಅಂಥ ಹುಡುಗರು ವರ್ಷಕ್ಕೆ ನಾಲ್ಕೈದು ಸಲ ಕಣಕ್ಕಿಳಿದರೆ ಹೆಚ್ಚು. ಲೆನ್ ಇಳಿಯುವುದು ಪ್ರತಿ ಶನಿವಾರ.

ಇದೇನು ಮಹಾ ಕೆಲಸ ಅಂದವರ ಬಾಯಿಗೆ ಮಣ್ಣು ಹಾಕ! ಗೆದ್ದರೆ ಮುಂದಿನ ವಾರ ಫೋನೇ ಬರುವುದಿಲ್ಲ. ಟಿಕೆಟ್ ಮಾರಿಕೊಡುವ ಹುಡುಗನನ್ನು ಕೆಡವುವವನು ಯಾರಿಗೆ ಬೇಕು? ರೆಫ್ರಿ ಪಂದ್ಯ ನಿಲ್ಲಿಸುವಷ್ಟು ಪೆಟ್ಟು ತಿಂದರೆ ನಿಯಮದ ಪ್ರಕಾರ ನಾಲ್ಕು ವಾರ ಮನೆಯಲ್ಲಿ ಕೂರಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹದಿನೆಂಟು ವರ್ಷದಿಂದ ಲೆನ್ ಹಾಗೇ ನಡೆಸಿಕೊಂಡು ಬಂದಿದ್ದ.

ಹೊಟ್ಟೆಪಾಡಿಗಲ್ಲ. ವಾರವಿಡೀ ಜನರ ಮನೆ ಮೇಲೆ ಹತ್ತಿ ಹೆಂಚು ಕೂರಿಸುವ ಕೆಲಸ ಅವನ ಹೊಟ್ಟೆಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿತ್ತು. ಅವನಿಗೆ ಬೇಕಾಗಿದ್ದುದು ಆ ಗಂಟೆಯ ಸದ್ದು, ಮುಲಾಮಿನ ವಾಸನೆ, ಮೂಗಿನ ಮುಂದೆಯೇ ತಪ್ಪಿಹೋಗುವ ಏಟಿನ ಗಾಳಿ. ಇವಿಲ್ಲದ ಶನಿವಾರ ಅವನಿಗೆ ಸೂತಕವಿದ್ದಂತೆ. "ಅವನು ಕಟ್ಕೊಂಡಿರೋದು ನನ್ನಲ್ಲ, ಶನಿವಾರಾನ" ಎಂದು ಹೆಂಡತಿ ಡೋರೀನ್ ನೆರೆಯವರೊಂದಿಗೆ ಗೊಣಗುವುದಿತ್ತು.

ಗಂಟೆ ಬಾರಿಸಿತು. ಮೂಲೆಯಲ್ಲಿ ಬಕೆಟ್ ಹಿಡಿದಿದ್ದ ಮುದುಕ ವಾಲ್ಟ್ ನೀರು ಕುಡಿಸಿದ.

"ಅವನ ಹೆಸರು ಒಬ್ರೂ ಕೂಗ್ತಿಲ್ವಲ್ಲೋ?"

"ಅವನ ಕಡೆಯೋರು ಬಸ್ಸಲ್ಲಿ ಸಿಕ್ಕಾಕ್ಕೊಂಡಿರ್ಬೇಕು" ಎಂದ ಲೆನ್.

ಸಂಜೆಯೇ ಸಂಘಟಕ ಪಾಸ್ಕ್ ಬಟ್ಟೆ ಬದಲಿಸುವ ಕೋಣೆಗೆ ಬಂದು ಭುಜ ಹಿಡಿದು ಹೇಳಿದ್ದ: "ಈ ಕೀರನ್ ಹುಡುಗನ ಮೇಲೆ ನಂಗೆ ಭಾಳ ಆಸೆ ಇದೆ, ಮಾರಾಯ. ಚೆನ್ನಾಗಿ ನೋಡ್ಕೊಂಡು ಆಡು. ಇವತ್ತು ಇವನು ಸರಿಹೋದ್ರೆ ಇನ್ಮುಂದೆ ಪ್ರತಿ ಶನಿವಾರ ಇವನೇ."

"ನನ್ನ ಕೈಯಲ್ಲಿ ಯಾವ ಹುಡುಗಾನೂ ಕೆಟ್ಟಿಲ್ಲ, ಬಿಡು" ಎಂದಿದ್ದ ಲೆನ್.

ಹುಡುಗನೂ ಒಳ್ಳೆಯವನೇ. ಯಾರ ಜೊತೆಯೂ ಇಲ್ಲದೆ ಒಬ್ಬನೇ ಬಂದಿದ್ದ. ಯಾರದೋ ದೊಗಳೆ ಚಡ್ಡಿ ಹಾಕಿಕೊಂಡು ಲೆನ್‌ನ ಪಕ್ಕದಲ್ಲೇ ಕೂತು, "ಅಣ್ಣಾ, ಇಷ್ಟು ವರ್ಷ ಆಡಿದ್ರೂ ನಿಮ್ಮ ಹುಬ್ಬು ಸೀಳೇ ಇಲ್ವಲ್ಲ, ಹೆಂಗೆ?" ಎಂದು ಕೇಳಿದ್ದ. ಲೆನ್ ಉಬ್ಬಿಹೋಗಿದ್ದ. ಗದ್ದ ಹೇಗೆ ಒಳಗೆಳೆಯಬೇಕು, ಏಟು ಹೋಗುವ ಕಡೆಗೇ ಕತ್ತು ಹೇಗೆ ತಿರುಗಿಸಬೇಕು, ಎಲ್ಲ ತೋರಿಸಿಕೊಟ್ಟಿದ್ದ.

ಎರಡನೇ ಸುತ್ತಿನಲ್ಲಿ ಹುಡುಗ ಮತ್ತೆ ಅಪ್ಪಿಕೊಂಡಾಗ ಲೆನ್ ಕಿವಿಯಲ್ಲಿ ಉಸುರಿದ: "ಹೊಡಿಯೋ ಮರಿ, ಹೆದರ್ಬೇಡ. ನಾನೇನೂ ಮಾಡಲ್ಲ."

"ನೀವೇ ಹೊಡೀರಿ ಅಣ್ಣಾ. ನನ್ನ ಕೆಲಸ ನಂಗೆ ಗೊತ್ತು."

ಅಬ್ಬಾ, ಏನು ಸೊಕ್ಕು! ಲೆನ್‌ಗೆ ಖುಷಿಯೇ ಆಯಿತು. ಮುಂದೆ ಬರುವ ಹುಡುಗರಿಗೆ ಸೊಕ್ಕಿರಬೇಕು.

ಮೂರನೇ ಸುತ್ತಿನಲ್ಲಿ ಲೆನ್ ಎರಡೂ ಕೈ ಇಳಿಬಿಟ್ಟು ಗದ್ದವನ್ನೇ ಮುಂದೆ ಚಾಚಿದ. ತಗೋ, ಹೊಡಿ. ಹುಡುಗ ಅವನ ಮೊಣಕೈಗೆ ಮೆಲ್ಲಗೆ ತಟ್ಟಿ ಹಿಂದೆ ಸರಿದ. "ಇಬ್ರೂ ಮದ್ವೆ ಆಗ್ಬಿಡ್ರೋ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದ. ಹಾಲ್ ತುಂಬ ನಗೆ.

"ಲೆನ್, ನೀನು ಗೆಲ್ತಾ ಇದೀಯ ಕಣೋ" ಎಂದ ವಾಲ್ಟ್ ಗಾಬರಿಯಿಂದ.

"ಬಾಯ್ಮುಚ್ಚು!"

ಲೆನ್‌ಗೆ ನಿಜವಾಗಿ ಭಯವಾಯಿತು. ಹದಿನೆಂಟು ವರ್ಷದಲ್ಲಿ ಹೊಡೆತಕ್ಕೆ ಹೆದರದವನು ಈಗ ಬರಿಗೈ ಶನಿವಾರಗಳನ್ನು ನೆನೆದು ಬೆವೆತ. ಕೊನೆಯ ಸುತ್ತಿನಲ್ಲಿ ಒಂದೇ ಉಪಾಯ ಹೊಳೆಯಿತು. ಬಲಗೈಯನ್ನು ದೂರದಿಂದ, ಅಜ್ಜಿ ಕೂಡ ಬಗ್ಗಿ ತಪ್ಪಿಸಿಕೊಳ್ಳುವಷ್ಟು ನಿಧಾನವಾಗಿ ಬೀಸಿದ. ಹುಡುಗ ಬಗ್ಗಿ, ತಿರುಗಿ ಒಂದು ಕೊಟ್ಟರೆ ಸಾಕು, ಪಂದ್ಯ ಅವನದು.

ಹುಡುಗ ಬಗ್ಗಲಿಲ್ಲ. ಏಟಿಗೇ ನಡೆದು ಬಂದ. ಥಪ್ಪೆಂದು ಸದ್ದಾಯಿತು, ಅವನ ಮೊಣಕಾಲು ಕುಸಿದಂತಾಗಿ ಕುಸಿಯದೆ ನಿಂತಿತು, ಕತ್ತು ಏಟು ಹೋದ ಕಡೆಗೇ ನಯವಾಗಿ ತಿರುಗಿತು. ಜನ ಎದ್ದು ನಿಂತು ಕೇಕೆ ಹಾಕಿದರು. ಆ ಕತ್ತು ತಿರುಗಿದ ರೀತಿಯನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸುವಷ್ಟರಲ್ಲಿ ಗಂಟೆ ಬಾರಿಸಿತು.

ರೆಫ್ರಿ ಲೆನ್‌ನ ಕೈ ಎತ್ತಿದ.

ಚಪ್ಪಾಳೆಯ ನಡುವೆ ಲೆನ್ ಮನೆಗೆ ಬೆಂಕಿ ಬಿದ್ದವನಂತೆ ನಿಂತಿದ್ದ. ಸೋತ ಹುಡುಗ ಬಂದು ತಬ್ಬಿಕೊಂಡು "ನಿಮ್ಮಿಂದಾನೇ ಅಣ್ಣಾ" ಎಂದ. ಅವನ ಮುಖದ ಮೇಲೆ ಒಂದು ಗೀರೂ ಇರಲಿಲ್ಲ. ಮೇಲಿಂದ ನಗುತ್ತಿದ್ದ!

ಒಳಗೆ ಪಾಸ್ಕ್ ಎದುರಾದಾಗ ಲೆನ್‌ಗೆ ತಲೆ ಎತ್ತಲಾಗಲಿಲ್ಲ. "ತಪ್ಪಾಯ್ತು ಕಣಯ್ಯ, ನಿನ್ನ ಹುಡುಗನ್ನ ಹಾಳು ಮಾಡ್ಬಿಟ್ಟೆ. ಮುಂದಿನ ವಾರ ಹಂಗಾಗಲ್ಲ."

ಪಾಸ್ಕ್ ಅವನ ಬೆನ್ನು ತಟ್ಟಿ, ಅವನನ್ನು ದಾಟಿ, ಸೀದಾ ಹುಡುಗನ ಹತ್ತಿರ ಹೋದ.

"ಎಲಾ ಇವನ, ಲೆನ್ ಬಾರ್ಲೋನಂಥೋನನ್ನೂ ಗೆಲ್ಲಿಸಿಬಿಟ್ಟೆಯಲ್ಲೋ! ಬರೋ ಶನಿವಾರ ಬೋಲ್ಟನ್‌ಗೆ ಬಾ, ಇನ್ಮೇಲೆ ನಮ್ಮ ಹುಡುಗ್ರಿಗೆಲ್ಲ ಸೋಲೋನು ನೀನೇ."