ಡಬ್ಬಿಯ ಮೇಲೆ ಕುಳಿತವಳು

"ಏಳಂಗಿಲ್ಲ ಅಂದ್ರ ಏಳಂಗಿಲ್ಲ," ಎಂದು ಹುಸೇನಬಿ ತಗಡಿನ ಡಬ್ಬಿಯ ಮೇಲೆ ಇನ್ನಷ್ಟು ಭದ್ರವಾಗಿ ಕುಳಿತಳು. ಎದುರಿಗೆ ಗಂಡ ದಾದಾಪೀರ ಹೊಟ್ಟೆ ಹಿಡಿದುಕೊಂಡು ನಿಂತಿದ್ದ. ಗಂಡ ಹೆಂಡತಿ ಇಬ್ಬರೂ ಊರೂರು ಸುತ್ತಿ ಗಾದಿ, ತಲೆದಿಂಬು ಹೊಲಿದುಕೊಡುವವರು. ಅರಳೆ ಹಿಂಜುವ ಯಂತ್ರ, ಸ್ಟೋ, ಹಾಸಿಗೆ ಎಲ್ಲ ಒಂದು ಹಳೆಯ ಮೆಟಡೋರಿನೊಳಗೇ. ಮಳೆಗಾಲ ಬಿಟ್ಟರೆ ಅದೇ ಅವರ ಮನೆ. ಇವತ್ತು ಆ ಮನೆ ರಾಣೆಬೆನ್ನೂರಿಗೂ ಹಲಗೇರಿಗೂ ನಡುವೆ ಆಕ್ಸಲ್ ಮುರಿದುಕೊಂಡು ರಸ್ತೆಯ ಬದಿಗೆ ವಾಲಿ ನಿಂತಿತ್ತು.

ದಿನಬಳಕೆಯ ಹಿಟ್ಟು ನಿನ್ನೆಯೇ ಮುಗಿದಿತ್ತು. ಬೆಳಿಗ್ಗೆ ರಾಣೆಬೆನ್ನೂರಿನಲ್ಲಿ ಸಾಮಾನು ತಗೊಳ್ಳೋಣವೆಂದರೆ ಊರಿಗೆ ಊರೇ ಬಂದ್. ಅಂಗಡಿ ಇಲ್ಲ, ಖಾನಾವಳಿ ಇಲ್ಲ, ಬಸ್ಸೂ ಇಲ್ಲ. ಉಳಿದದ್ದು ಈ ಡಬ್ಬಿಯೊಂದೇ. ಅದರೊಳಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಬೆಲ್ಲ ಇವೆಯೆಂದು ದಾದಾಪೀರನಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಸಂಕಟ.

"ಅಡಚಣಿಗಂತ ಇಟ್ಟೇನಿ ಅಂತೀ. ಇದು ಅಡಚಣಿ ಅಲ್ಲೇನು?"

"ಅಲ್ಲ. ಇದು ಹಸಿವಿ. ಹಲಗೇರಿಗೆ ಇನ್ನ ಒಂದ ಹರದಾರಿ. ಗಟ್ಟಿ ಗಂಡಸು ಅದೀರಿ, ನಡಕೊಂತ ಹೋಗಿ ನಿಮ್ಮ ದೋಸ್ತ ಫಕ್ಕೀರಸಾಬನ ಮನ್ಯಾಗ ಉಂಡು ಬರ್ರಿ."

"ನಾ ಸತ್ತ ಮ್ಯಾಲೆ ತೆಗೀತೀಯೇನು ಇದರ ಮುಚ್ಚಳಾ?"

"ಹೌದ್ರಿ, ಮಣ್ಣಿಗೆ ಬಂದ ಮಂದಿ ಉಪಾಸ ಹೋಗಬಾರದಲ್ಲ!"

ಇಂಥ ಹೆಂಗಸಿನ ಜೊತೆ ವಾದ ಮಾಡಿ ಗೆದ್ದವರುಂಟೆ? ದಾದಾಪೀರ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಗೊಣಗುತ್ತ ಕೆಳಗಿಳಿದ. ಇಳಿದವನು ಅಲ್ಲೇ ನಿಂತ. ರಾಣೆಬೆನ್ನೂರಿನ ಕಡೆಯಿಂದ ಇಬ್ಬರು ಹೆಂಗಸರು ನಡೆದು ಬರುತ್ತಿದ್ದರು. ಮುಂದಿದ್ದ ಮುದುಕಿಯ ಕೈಯಲ್ಲಿ ಅರಿವೆಯಲ್ಲಿ ಸುತ್ತಿದ ಎಳೆಗೂಸು. ಹಿಂದಿನ ಹುಡುಗಿ ಕಿವಿ ಮುಚ್ಚುವಂತೆ ಸೆರಗು ಬಿಗಿದುಕೊಂಡು, ಒಂದು ಹೆಜ್ಜೆ ಇಟ್ಟರೆ ಎರಡು ಹೆಜ್ಜೆಯ ಹೊತ್ತು ನಿಲ್ಲುತ್ತಿದ್ದಳು. ಮೆಟಡೋರಿನ ನೆರಳು ಸಿಕ್ಕಿದ್ದೇ ತಡ, ಕುಸಿದು ಕುಳಿತಳು.

"ಹೊತ್ತ ಮೂಡೂದ್ರಾಗ ದವಾಖಾನಿ ಬಿಟ್ಟೇವ್ರಿ," ಎಂದಳು ಮುದುಕಿ. ಹೆಸರು ಬೀರವ್ವ, ಹಲಗೇರಿಯವಳು. "ಬಸ್ಸಿಲ್ಲ, ಗಾಡಿಲ್ಲ. ನಿನ್ನಿ ರಾತ್ರಿಯಿಂದ ಮಗಳ ಹೊಟ್ಟ್ಯಾಗ ಏನೂ ಬಿದ್ದಿಲ್ಲ, ಎದಿ ಬತ್ತಿಬಿಟ್ಟೈತಿ. ಕೂಸು ಚೀಪಿ ಚೀಪಿ ಸೋತು ಹೋಗೈತ್ರೀ. ಮುಂಜಾನಿ ಜೋರ್ಲೆ ಅಳತಿತ್ತು, ಈಗ ಅಳಾಕೂ ತ್ರಾಣ ಇಲ್ಲ. ನನಗ ಭಾಳ ಅಂಜಿಕಿ ಬರಾಕತ್ತೈತ್ರೀ."

ಹುಸೇನಬಿ ಯಾವಾಗ ಎದ್ದಳೋ, ಯಾವಾಗ ಮುಚ್ಚಳ ತೆಗೆದಳೋ! ದಾದಾಪೀರ ಒಳಗೆ ಇಣುಕುವಷ್ಟರಲ್ಲಿ ರೊಟ್ಟಿಯ ಗಂಟು ಹೊರಗೆ, ಅವಲಕ್ಕಿಯ ಚೀಲವೂ ಹೊರಗೆ; ಅವಳ ಕೈ ಇನ್ನೂ ಡಬ್ಬಿಯ ತಳದಲ್ಲಿ ತಡಕಾಡುತ್ತಿತ್ತು. ಅಲ್ಲಿಂದ ಬಂದದ್ದು ಅವನು ಎಂದೂ ಕಂಡಿರದ ಒಂದು ಗಂಟು. ಅಳ್ವಿ ಬೀಜ, ಒಣಕೊಬ್ಬರಿ, ಉತ್ತತ್ತಿ, ಅಂಟು, ಹೀಗೆ ಬಾಣಂತಿಗೆ ಬೇಕಾದದ್ದೆಲ್ಲ ಅದರೊಳಗಿತ್ತು.

"ಅಲ್ಲಬೇ, ನಮ್ಮ ಗಾಡ್ಯಾಗ ಬಾಣಂತಿ ಸಾಮಾನ ಯಾಕ?"

"ನಮ್ಮ ಮುಮ್ತಾಜ ಎಲ್ಲಿ ಹುಟ್ಟಿದ್ಲು, ಮರತೀರೇನು? ಇದ ಗಾಡ್ಯಾಗ, ಬ್ಯಾಡಗಿ ದಾರ್ಯಾಗ. ಅವತ್ತ ನನಗ ಸಿಕ್ಕಿದ್ದು ಬರೇ ಬಿಸಿನೀರು. ಆವಾಗಿಂದ ಇಡಾಕತ್ತೇನಿ. ವರ್ಷ ವರ್ಷ ಹಳೇದು ತೆಗದು ಹೊಸಾದು ಹಾಕ್ತೇನಿ. ನಿಂತು ನೋಡ್ತೀರೇನು? ಸ್ಟೋಕ್ಕ ಗಾಳಿ ಹೊಡೀರಿ, ಲಗೂ!"

ಮುಮ್ತಾಜ ಈಗ ಅಗಡಿಯ ಅಜ್ಜಿಯ ಮನೆಯಲ್ಲಿದ್ದು ಶಾಲೆ ಕಲಿಯುವ ಹುಡುಗಿ. ಅಷ್ಟು ವರ್ಷದಿಂದ, ಯಾವ ಊರಿನ ಯಾವ ಹೆಂಗಸಿಗೆಂದು ತನಗೇ ಗೊತ್ತಿಲ್ಲದೆ, ಇವಳು ಈ ಗಂಟು ಕಟ್ಟಿಡುತ್ತ ಬಂದಿದ್ದಾಳೆ! ಎಂಥವಳನ್ನು ಕಟ್ಟಿಕೊಂಡಿದ್ದೇನಪ್ಪಾ ನಾನು ಎಂದುಕೊಂಡ ದಾದಾಪೀರ. ಸ್ಟೋದ ಮುಂದೆ ಕುಳಿತು ಪಂಪು ಹೊಡೆದ.

ಅಳ್ವಿ ಬೆಲ್ಲದ ನೀರಿನಲ್ಲಿ ಕುದಿದು ಗಟ್ಟಿಯಾಯಿತು. ಕೊಬ್ಬರಿ ತುರಿದು ಹಾಕಿ, ಆರಿಸಿ, ಹುಸೇನಬಿ ಬಟ್ಟಲನ್ನು ಹುಡುಗಿಯ ಬಾಯಿಗೇ ಹಿಡಿದಳು.

"ಮೊದಲ ನಮ್ಮವ್ವಗ ಕೊಡ್ರಿ," ಎಂದಳು ಹುಡುಗಿ.

"ನಿಮ್ಮವ್ವ ಹಾಲು ಕುಡಸ್ತಾಳೇನು ಕೂಸಿಗೆ? ಬಾಯಿ ತೆಗಿ ಸುಮ್ಮನ!"

ಬೀರವ್ವನಿಗೂ ರೊಟ್ಟಿ, ಚಟ್ನಿ ಬಂತು. ಹುಡುಗಿ ಇನ್ನೊಂದು ಬಟ್ಟಲು ಮುಗಿಸಿದ ಮೇಲೆ ಹುಸೇನಬಿ ಯಾರದೋ ಮದುವೆಗೆಂದು ಹೊಲಿದ ಹೊಸ ಗಾದಿಯನ್ನೇ ಗಾಡಿಯೊಳಗೆ ಬಿಚ್ಚಿ ಹಾಸಿ, ಅವಳನ್ನು ಹತ್ತಿಸಿ ಕೂಸಿನೊಂದಿಗೆ ಮಲಗಿಸಿದಳು. "ಗಂಡಸರಿಗೆ ಇಲ್ಲೇನು ಕೆಲಸ?" ಎಂದು ಅವಳು ದಾದಾಪೀರನನ್ನು ಇಳಿಸಿ ಪರದೆ ಎಳೆದಳು.

ಅವನು ಗಾಲಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ. ಒಳಗಿಂದ ಕೂಸಿನ ಸಣ್ಣ ದನಿ ಬಿಟ್ಟು ಬಿಟ್ಟು ಕೇಳುತ್ತಿತ್ತು. ಅವನ ಹಸಿವು ಎತ್ತ ಹೋಯಿತೋ ಅವನಿಗೇ ತಿಳಿಯದು. ಯಾ ಅಲ್ಲಾ, ಒಂದ ಗುಟುಕರ ಹಾಲು ಬರ್ಲಿ ಎಂದು ಬೇಡಿಕೊಳ್ಳುತ್ತಲೇ ಇದ್ದ. ಬಿಸಿಲು ಇಳಿಯುತ್ತ ಬಂತು. ಕೂಸು ಒಮ್ಮೆ ಕುಂಯ್ ಅಂದಿತು, ಇನ್ನೊಮ್ಮೆ ಅಂದಿತು, ಆಮೇಲೆ ಸದ್ದೇ ಇಲ್ಲ. ಕಾದ. ಇಲ್ಲ, ಸದ್ದೇ ಇಲ್ಲ. ಎದ್ದವನೇ ಪರದೆಯ ಹತ್ತಿರ ಓಡಿದ.

"ಹುಸೇನಬಿ! ಏ ಹುಸೇನಬಿ! ಕೂಸಿಗೇನಾತ?"

ಪರದೆಯ ಸಂದಿಯಿಂದ ಹುಸೇನಬಿಯ ಮುಖ ಹೊರಬಂತು. ಕಣ್ಣು ತುಂಬಿದ್ದವು, ತುಟಿಯ ಮೇಲೆ ಬೆರಳಿತ್ತು.

"ಶ್! ಒದರಬ್ಯಾಡ್ರಿ," ಎಂದಳು. "ಸಾಹೇಬ್ರು ಊಟಕ್ಕ ಕುಂತಾರ."