ಖಾಕಿ ಪ್ಯಾಂಟಿನ ಸೊಂಟ

ಕನ್ನಡಿಯ ಮುಂದೆ ನಿಂತು ಬಸ್ ಡ್ರೈವರ್ ತನ್ನ ಖಾಕಿ ಪ್ಯಾಂಟಿನ ಗುಂಡಿ ಹಾಕಿಕೊಂಡ. ಗುಂಡಿ ಎಂದಿನ ಜಾಗದಲ್ಲೇ ತಣ್ಣಗೆ ಹೋಗಿ ಕೂತಿತು. ಸೊಂಟದ ಪಟ್ಟಿಯೊಳಗೆ ಬೆರಳು ತೂರಿಸಿ ನೋಡಿದ. ಒಂದು ಬೆರಳೇ ಹೆಚ್ಚು, ಇನ್ನೊಂದಕ್ಕೆ ಜಾಗವಿರಲಿಲ್ಲ.

"ಮುಗೀತು ಕಥೆ," ಎಂದ. "ಅಷ್ಟೊಂದು ಒದ್ದಾಡಿದ್ದಕ್ಕೆ ದಾರದ ಎಳೆಯಷ್ಟೂ ಕರಗಿಲ್ಲ ನಾನು."

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿಯ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು.

ಪಾಪ, ಅವನು ಪಟ್ಟ ಪಾಡು ಸಣ್ಣದಲ್ಲ. ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿದೆ, ಮುಂದಿನ ತಪಾಸಣೆಯೊಳಗೆ ಅದನ್ನು ಇಳಿಸದಿದ್ದರೆ ನಿನ್ನನ್ನೇ ಬಸ್ಸಿನಿಂದ ಇಳಿಸಿ ಗೇಟಿನಲ್ಲಿ ಕೂರಿಸುತ್ತಾರೆ ಎಂದು ಡಿಪೋದ ಡಾಕ್ಟರು ಹೇಳಿದ ಮೇಲೆ ಆಯುರ್ವೇದದ ವೈದ್ಯೆಯ ಬಳಿ ಹೋಗಿದ್ದ. ಆಕೆ ನಾಡಿ ಹಿಡಿದು, ನಾಲಿಗೆ ನೋಡಿ, ವಿರೇಚನ ಮಾಡಿಸೋಣ, ಹೊಟ್ಟೆಯನ್ನು ಒಮ್ಮೆ ಚೆನ್ನಾಗಿ ತೊಳೆಯೋಣ ಎಂದಿದ್ದರು. ಬೆಳಗ್ಗೆ ಎದ್ದ ಕೂಡಲೇ ಔಷಧಿಯ ತುಪ್ಪವನ್ನು ಮೂಗು ಮುಚ್ಚಿ ಕುಡಿದ. 'ತುಪ್ಪ ಕುಡಿದು ಸಣ್ಣಗಾಗೋನು ನೀನೊಬ್ಬನೇ ಅಣ್ಣ' ಎಂದು ಕಂಡಕ್ಟರ್ ಬಸ್ಸು ತುಂಬ ನಗಿಸಿದ. ಮೈಗೆ ಎಣ್ಣೆ ಹಚ್ಚಿಸಿಕೊಂಡು ಆವಿಯ ಪೆಟ್ಟಿಗೆಯಲ್ಲಿ ಬೆಂದ. ಕೊನೆಗೆ ಆ ಕಹಿ ಲೇಹ್ಯ ನುಂಗಿದ ದಿನವಂತೂ ಹಾಸಿಗೆಗೂ ಕಕ್ಕಸಿಗೂ ನಡುವೆ ಬಸ್ಸು ಓಡಿಸಿದ್ದೇ ಓಡಿಸಿದ್ದು. ಹೆಂಡತಿ ಬಾಗಿಲಾಚೆ ಸ್ಟೂಲು ಹಾಕಿಕೊಂಡು ಕೂತು ಆಗಾಗ, "ಇದ್ದೀರಾ?" ಎನ್ನುತ್ತಿದ್ದಳು. "ಇದ್ದೀನಿ, ಅರ್ಧ," ಎಂದು ಒಳಗಿನಿಂದ ಸೋತ ದನಿ ಬರುತ್ತಿತ್ತು. ಆಮೇಲೆ ತಿಳಿ ಗಂಜಿ, ಆಮೇಲೆ ಗಟ್ಟಿ ಗಂಜಿ. "ತೊಳೆದದ್ದು ಆಯಿತು. ಮೈ ನಿಜವಾಗಿ ಇಳಿಯೋದು ಇನ್ನು ಮುಂದೆ ನೀವು ಉಣ್ಣೋ ರೀತಿಯಿಂದ, ನಡೆಯೋದ್ರಿಂದ," ಎಂದು ವೈದ್ಯೆ ಕಳುಹಿಸಿದ್ದರು. ಇವತ್ತು ಮತ್ತೆ ಡ್ಯೂಟಿ.

"ಸಾಕು ಅಂತ ಹೇಳಿಬಿಡ್ತೀನಿ ಅವರಿಗೆ," ಎಂದ ಡ್ರೈವರ್. "ಇನ್ನು ನಡಿಗೆಯೂ ಬೇಡ, ಅರೆಹೊಟ್ಟೆ ಊಟವೂ ಬೇಡ. ಗೇಟಿನಲ್ಲಿ ಕೂತು ಬಂದವರಿಗೆ ಸಲಾಮು ಹೊಡೀತೀನಿ."

"ಅವರ ತೂಕದ ಯಂತ್ರದಲ್ಲಿ ಇಳಿದಿದೆ ಅಂದ್ರಲ್ಲ?"

"ಯಂತ್ರ ಅವರದು. ಪ್ಯಾಂಟು ನನ್ನದು. ಮದುವೆಯಾದಾಗಿನಿಂದ ಒಂದೇ ಅಳತೆ. ನನ್ನ ಮೈಕಟ್ಟೇ ಇಷ್ಟು, ಮಹಾರಾಯ್ತಿ."

ಈ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೋ. ಪ್ರತಿ ಸಲವೂ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಿದ್ದಳು. ಈಗ ಗಂಡನ ಮುಖ ನೋಡಿದಳು. ಬಸ್ಸು ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯ. ಮನೆಯ ಬಾಗಿಲು ತೆಗೆಯುವಾಗಲೂ ಗೇರ್ ಹಾಕಿದಂತೆ ತೆಗೆಯುತ್ತಾನೆ.

"ಆ ಪ್ಯಾಂಟು ಬಿಚ್ಚಿ," ಎಂದಳು.

"ಈಗಲಾ? ಹೊತ್ತಾಯ್ತು ಕಣೇ."

"ಬಿಚ್ಚಿ ಅಂದ್ನಲ್ಲ."

ಅವಳು ಪ್ಯಾಂಟನ್ನು ಒಳಹೊರಗು ಮಾಡಿ, ಹಿಂಬದಿಯ ಹೊಲಿಗೆಗೆ ಸಣ್ಣ ಕತ್ತರಿಯ ತುದಿ ಹಾಕಿ ಸರಸರ ಬಿಚ್ಚಿದಳು. "ಈ ಹೊಲಿಗೆ ನಾನು ನಿನ್ನೆ ಹಾಕಿದ್ದು. ಪ್ಯಾಂಟು ಮಡಿಸುವಾಗ ನೋಡಿದೆ, ಇದು ಇನ್ನು ನಿಮ್ಮ ಸೊಂಟದ ಮೇಲೆ ನಿಲ್ಲಲ್ಲ ಅಂತ. ಟೈಲರಮ್ಮನ ಗಂಡ ಜೋಲಾಡೋ ಪ್ಯಾಂಟು ಹಾಕ್ಕೊಂಡು ಹೋದ್ರೆ ನಾಳೆ ನನ್ನ ಹತ್ರ ಯಾರು ಬಟ್ಟೆ ಕೊಡ್ತಾರೆ? ಕೈ ಸುಮ್ಮನಿರಲಿಲ್ಲ, ಸೊಂಟ ಹಿಡಿದು ಹೊಲಿದುಬಿಟ್ಟೆ."

ಅವನು ಬಗ್ಗಿ ನೋಡಿದ. ಬಿಚ್ಚಿದ ಹೊಲಿಗೆಯ ಪಕ್ಕದಲ್ಲೇ, ಬಟ್ಟೆಯ ಒಳಮೈಯಲ್ಲಿ, ಸೂಜಿ ಚುಚ್ಚಿದ ಸಣ್ಣ ಸಣ್ಣ ತೂತುಗಳ ಸಾಲು ಇತ್ತು. ಅದರಾಚೆ ಇನ್ನೊಂದು. ಅದರಾಚೆ ಮತ್ತೊಂದು.

"ಇವೆಲ್ಲ?"

"ಅವೂ ನಂದೇ. ನೀವು ಉಬ್ಬಿದ ಹಾಗೆಲ್ಲ ಸೊಂಟ ಸಡಿಲ ಬಿಡ್ತಾ ಬಂದಿದ್ದು."

"ಮತ್ತೆ ಮದುವೆಯಾದಾಗಿನ ಅಳತೆ?"

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೊಲಿದ ಈ ಬಟ್ಟೆಯ ಮೇಲೆ ಆ ಸಾಲು ಇರಲೇ ಇಲ್ಲ. ಅವಳು ಸೊಂಟದ ಪಟ್ಟಿಯನ್ನು ಯಂತ್ರದ ಹಲಗೆಯ ಮೇಲೆ ಹರವಿ, ಒಳಗೆ, ಬಹಳ ಒಳಗೆ ಬೆರಳಿಟ್ಟಳು. "ಇಲ್ಲೆಲ್ಲೋ ಇರ್ತಿತ್ತು." ಆಮೇಲೆ ಮೆಲ್ಲಗೆ ಅಂದಳು: "ಒಂದ್ಸಲ ಗುಂಡಿ ಹತ್ತದೆ ಬೆಳಬೆಳಗ್ಗೆಯೇ ಮುಖ ಇಳಿಬಿಟ್ಟುಕೊಂಡು ಕೂತಿದ್ರಿ. ನೋಡೋಕಾಗಲಿಲ್ಲ. ಅಲ್ಲಿಂದ ಶುರುವಾಯ್ತು."

ಅವನು ಚಡ್ಡಿಯಲ್ಲೇ ಮಂಚದ ಮೇಲೆ ಕುಸಿದು ಕೂತ. ಬೈಯಬಹುದು ಎಂದು ಅವಳು ಕಾದಳು. ಅವನ ಹೊಟ್ಟೆ ಅಲುಗತೊಡಗಿತು. ನಗು ಬಾಯಿಗೆ ಬರುವ ಮೊದಲೇ ಅಲ್ಲಿ ಕಾಣಿಸಿಕೊಂಡಿತ್ತು.

"ಕಳ್ಳಿ," ಎಂದ. "ಇಷ್ಟು ವರ್ಷ ನನ್ನ ಪ್ಯಾಂಟಿನ ಕೈಲಿ ಸುಳ್ಳು ಹೇಳಿಸಿದ್ಯಲ್ಲೇ."

ಎದ್ದು ಪ್ಯಾಂಟನ್ನು ಮತ್ತೆ ಏರಿಸಿ ಗುಂಡಿ ಹಾಕಿದ. ಕೈಬಿಟ್ಟ ಕೂಡಲೇ ಅದು ಜಾರಿತು. ಹಿಡಿದುಕೊಂಡ. ಮತ್ತೆ ಬಿಟ್ಟ. ಮತ್ತೆ ಜಾರಿತು. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಇನ್ನೊಮ್ಮೆ ಬಿಟ್ಟು ನೋಡಿದ.

"ಕೊಡಿ ಇಲ್ಲಿ, ಎರಡು ಹೊಲಿಗೆ ಹಾಕ್ತೀನಿ."

"ಮುಟ್ಟಿದ್ರೆ ನೋಡು."

"ಬೆಲ್ಟಾದ್ರೂ ಹಾಕ್ಕೊಳ್ಳಿ."

"ಬೆಲ್ಟ್ ಹಾಕಿದ್ರೆ ಜನಕ್ಕೆ ಹೇಗೆ ಗೊತ್ತಾಗುತ್ತೆ?"

ಬಾಗಿಲಲ್ಲಿ ಕಂಡಕ್ಟರನ ಸ್ಕೂಟರ್ ಹಾರನ್ ಹೊಡೆಯಿತು. ಡ್ರೈವರ್ ಹೊರಗೆ ಹೋಗಿ, "ನೀನು ನಡಿಯಪ್ಪ, ನಾನು ನಡ್ಕೊಂಡೇ ಬರ್ತೀನಿ," ಎಂದ.

"ಅದೇನಣ್ಣ, ಸೊಂಟ ಹಿಡ್ಕೊಂಡಿದ್ದೀಯಾ? ಉಳುಕಿತಾ?"

"ಬಿಟ್ರೆ ಬೀಳುತ್ತೆ," ಎಂದ ಡ್ರೈವರ್, ಬೀದಿಯ ಎರಡೂ ಕಡೆಗೆ ಕೇಳುವ ಹಾಗೆ.

ಹೆಂಡತಿ ಕಿಟಕಿಗೆ ಬಂದಳು. ತಾನು ಹೊಲಿದ ಬಟ್ಟೆ ಅಷ್ಟು ಅಳತೆಗೆಟ್ಟು ಬೀದಿಯಲ್ಲಿ ಹೋಗುವುದನ್ನು ಅವಳು, ಕೈಯಲ್ಲಿದ್ದ ಸೂಜಿಯನ್ನು ಮರೆತು, ಅವನು ತಿರುವು ದಾಟುವವರೆಗೂ ನೋಡುತ್ತ ನಿಂತಳು.