ಹತ್ತಿಯ ಗಡ್ಡ

"ಏ ಮಾರ್ಥಾ, ಯೇಸುಸ್ವಾಮಿ ಹುಟ್ಟಿ ಬಂದ್ರೂ ನನ್ನ ಚಹಾ ಇನ್ನೂ ಹುಟ್ಟಿಲ್ಲೇನ?"

ಕ್ರಿಸ್ಮಸ್ ಮುಂಜಾನೆ ಇಳಕಲ್ಲಿನ ಮನೆಯ ಪಡಸಾಲೆಯಲ್ಲಿ ನಿಂತು ಸುಕುಮಾರ ಥೇಟ್ ಅಪ್ಪನ ದನಿಯಲ್ಲಿ ಕೂಗಿದ. ಪ್ರತಿವರ್ಷ ಕ್ರಿಸ್ಮಸ್ ಅಜ್ಜನ ವೇಷದಲ್ಲಿ ಓಣಿ ಸುತ್ತಿ ಬಂದು ಅಪ್ಪ ಅವ್ವನನ್ನು ಹೀಗೇ ಕೂಗುತ್ತಿದ್ದ. ಆಗಸ್ಟಿನಲ್ಲಿ ಅವನು ತೀರಿಕೊಂಡ ಮೇಲೆ ಅವ್ವ ನಕ್ಕಿರಲಿಲ್ಲ. ಪ್ರಿನ್ಸಿಪಾಲರಿಂದ ಹಿಡಿದು ಬಸ್ ಕಂಡಕ್ಟರನವರೆಗೆ ಎಲ್ಲರ ದನಿ ತೆಗೆದು ಕಾಲೇಜನ್ನೇ ನಗಿಸುವವನಿಗೆ, ಅವ್ವನನ್ನು ನಗಿಸುವುದೇನು ಮಹಾ ಎನಿಸಿತ್ತು. ಅಪ್ಪನ ಹತ್ತಿಯ ಗಡ್ಡವನ್ನೂ ಕಟ್ಟಿಕೊಂಡಿದ್ದ.

"ಬಂದೆ, ತಡೀರಿ. ಕರ್ಚಿಕಾಯಿ ಎಣ್ಣ್ಯಾಗ ಅದಾವು!" ಒಳಗಿನಿಂದ ಉತ್ತರ ಬಂತು. ಅವ್ವನೂ ನಾಟಕಕ್ಕೆ ಸೇರಿಕೊಂಡಳೆಂದು ಸುಕುಮಾರ ಗಡ್ಡದೊಳಗೇ ನಕ್ಕ. ಅವಳು ಕಪ್ಪು-ಬಸಿ ಹಿಡಿದು ಲಗುಬಗೆಯಿಂದ ಬಂದಳು. "ಸಕ್ರಿ ಹಾಕಿಲ್ರಿ. ಹಬ್ಬ ಅಂತ ಡಾಕ್ಟರ್ ಮಾತು ಮೀರೂದು ಬ್ಯಾಡ" ಎನ್ನುತ್ತ ತಲೆಯೆತ್ತಿದವಳು, ಮಗನ ಕಣ್ಣು ಕಂಡು ನಿಂತುಬಿಟ್ಟಳು. ಚಹಾ ಬಸಿಗೆ ಚೆಲ್ಲಿತು.

"ತಪ್ಪಾತು ಯವ್ವಾ." ಈಗ ಬಂದದ್ದು ಅವನದೇ ದನಿ. ಕೈ ಗಡ್ಡಕ್ಕೆ ಹೋಯಿತು.

"ತಗೀಬ್ಯಾಡೋ" ಎಂದಳು ಅವ್ವ. "ಚಹಾ ಕುಡಿಯೂತನಕ ಇರ್ಲಿ."

ಸಕ್ಕರೆಯಿಲ್ಲದ ಚಹಾ ಆರಿ ತಣ್ಣಗಾಯಿತು. ಕೊನೆಯ ಗುಟುಕನ್ನು ಕಪ್ಪಿನಲ್ಲೇ ಉಳಿಸಿಕೊಂಡು ಸುಕುಮಾರ ಕುಳಿತೇ ಇದ್ದ.